ಗಾಡಿಯ ಟೈರೂ ನಮ್ಮ ಹೆಣ್ಣುಮಕ್ಕಳೂ

ಈ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೊಂದು ಇರಲೇಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಶಿಸ್ತು, ಸಮಯಪಾಲನೆ, ಗೃಹಕೃತ್ಯ ಇವೇ ಮೊದಲಾದ ವಿಷಯಗಳಲ್ಲೊಂದನ್ನು ನಾನು ಆರಿಸಿಕೊಳ್ಳುವೆನೆಂದು ಅವರು ಎಣಿಸಿದ್ದಿರಬೇಕು. ಅವುಗಳನ್ನು ಪ್ರತಿ ಸೋಮವಾರದ ಸಭೆಯಲ್ಲಿ ಹೇಳಿ ಹೇಳಿ ನನಗೂ ಬೇಸರವಾಗಿದೆ, ಕೇಳಿ ಕೇಳಿ ಮಕ್ಕಳಿಗೂ ಬೇಸರವಾಗಿದೆ. ಆದುದರಿಂದ ಈ ಸಲ ನನ್ನ ಮನೆಯ ಅಂಗಳದಲ್ಲಿ ನಡೆಯತಕ್ಕ ಒಂದು ಕೆಲಸವನ್ನು ಕುರಿತು ಬರೆಯುತ್ತೇನೆ. ಮೋಟಾರು ಸೈಕಲ್ಲಿನ ಟೈರನ್ನು ಅಂಗಡಿಗೆ ಒಯ್ಯದೆ ಮನೆಯಲ್ಲಿಯೇ ಬಿಚ್ಚಿ ಬೇರೆ ಟೈರನ್ನು ಹಾಕಿಕೊಳ್ಳುವ ಕೆಲಸವದು.

ಇದನ್ನು ಬರೆಯುವುದಕ್ಕೆ ಒಂದು ಕಾರಣವೂ ಉಂಟು. ಪೋಷಕರ ಸಭೆಯೊಂದರಲ್ಲಿ ತೋಟಗಾರರೊಬ್ಬರು ಎದ್ದು ನಿಂತು, ಬಹಳ ಮರ್ಯಾದೆಯಿಂದಲೇ, “ಅಮ್ಮಾವ್ರೇ, ನಮ್ಮ ಹುಡುಗಿ ಶನಿವಾರ ಶಾಲೆಯಿಂದ ಬಂದರೆ ಕೈಯೆಲ್ಲ ಮಸಿ. ಕೇಳಿದರೆ ಟೈರು ಬಿಚ್ಚಿದೆವು ಅಂತಾಳೆ. ಓದೋಕೆ ಕಳಿಸಿದ ಮಗು ಇದು” ಎಂದರು. ಸಭೆಯವರೆಲ್ಲ ನಕ್ಕರು, ನಾನೂ ನಕ್ಕು ಮುಂದಿನ ವಿಷಯಕ್ಕೆ ಹೋದೆನು. ಆ ನಗೆ ಉತ್ತರವಾಗಲಿಲ್ಲವೆಂದು ಮನೆಗೆ ಬಂದ ಮೇಲೆ ತೋರಿತು. ಆ ಮಹನೀಯರಿಗೂ, ಅವರಂತೆಯೇ ಮನಸ್ಸಿನಲ್ಲಿ ಅಂದುಕೊಂಡು ಬಾಯಿಬಿಟ್ಟು ಕೇಳದಿದ್ದ ಇತರರಿಗೂ ಈ ಬರಹವೇ ನನ್ನ ಉತ್ತರವೆಂದು ಭಾವಿಸಬೇಕು.

ನನ್ನ ತಂದೆಯವರು ತುರುವೇಕೆರೆಯ ಕಡೆಯ ಒಂದು ಹಳ್ಳಿಯಲ್ಲಿ ಉಪಾಧ್ಯಾಯರಾಗಿದ್ದರು. ಅವರ ಬಳಿ ಒಂದು ಯೆಜ್ಡಿ ಮೋಟಾರು ಸೈಕಲ್ಲಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಎಂಬ ಹೆಸರಿನ ಗಾಡಿಗಳೂ, 1973ರಿಂದ ಯೆಜ್ಡಿ ಎಂಬ ಹೆಸರಿನ ಗಾಡಿಗಳೂ ತಯಾರಾಗುತ್ತಿದ್ದುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಿರಿಯರು ಬಲ್ಲರು. 1996ರಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು. ಗಾಡಿಯನ್ನು ಚಾಲೂ ಮಾಡುವ ಕಿಕ್ಕೂ ಗೇರು ಬದಲಿಸುವ ಸನ್ನೆಯೂ ಒಂದೇ ಆಗಿದ್ದ ಆ ವಿಚಿತ್ರ ವಾಹನದ ಶಬ್ದ ತೆಂಗಿನ ತೋಟಗಳ ನಡುವೆ ಅರ್ಧ ಮೈಲಿಯಿಂದಲೇ ಕೇಳುತ್ತಿತ್ತು. ನಾವು ಮಕ್ಕಳು ಅದನ್ನು ಕೇಳಿದೊಡನೆ ಆಟ ನಿಲ್ಲಿಸಿ ಪುಸ್ತಕ ಹಿಡಿಯುತ್ತಿದ್ದೆವು.

ನಮ್ಮ ಸೀಮೆಯ ದಾರಿಗಳ ಗುಣ ನಿಮಗೆ ಹೇಳಬೇಕಾದುದಿಲ್ಲ. ತೋಟಕ್ಕೆ ಬೇಲಿಯೆಂದರೆ ಜಾಲಿ. ಜಾಲಿಯ ಕೊಂಬೆಯನ್ನು ಎಳೆದುಕೊಂಡು ಹೋದ ದಾರಿಯುದ್ದಕ್ಕೂ ಮುಳ್ಳು. 1994ರ ಬೇಸಗೆಯಲ್ಲಿ ಒಂದು ಭಾನುವಾರದ ಮಧ್ಯಾಹ್ನ ತಂದೆಯವರು ಗಾಡಿಯನ್ನು ತಳ್ಳಿಕೊಂಡು ಬಂದರು. ಹಿಂದಿನ ಟೈರು ಸವೆದು ನೂಲು ಕಾಣುತ್ತಿತ್ತು, ಅದಕ್ಕೆ ಮುಳ್ಳೂ ಹೊಕ್ಕಿತ್ತು. ಇಂಥ ಕೆಲಸಗಳಲ್ಲಿ ಅವರಿಗೆ ಜೊತೆಯಾಗುತ್ತಿದ್ದ ನನ್ನ ಅಣ್ಣ ಆಗ ತುಮಕೂರಿನ ವಿದ್ಯಾರ್ಥಿನಿಲಯದಲ್ಲಿದ್ದನು. ತಂದೆಯವರು ಅತ್ತ ಇತ್ತ ನೋಡಿ, ಬೇರೆ ಯಾರೂ ಕಾಣದಿದ್ದುದರಿಂದ, “ಬಾ ಇಲ್ಲಿ, ಹಿಡಿದುಕೋ” ಎಂದು ನನ್ನನ್ನು ಕರೆದರು. ಹೆಣ್ಣುಮಕ್ಕಳ ಉದ್ಧಾರದ ಯೋಚನೆ ಅವರಿಗೆ ಆಗ ಇದ್ದಿತೆಂದು ನಾನು ಹೇಳಲಾರೆ. ಅವರಿಗೆ ಬೇಕಾದುದು ಎರಡು ಕೈ. ನನಗೆ ಆಗ ಹದಿನಾಲ್ಕು ವರುಷ.

ಕೊಬ್ಬರಿ ತುಂಬುವ ಹಳೆಯ ಗೋಣಿಚೀಲವನ್ನು ಅಂಗಳದಲ್ಲಿ ಹಾಸಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅಚ್ಚಿನ ನಟ್ಟು ಬಿಚ್ಚಿ ಅಚ್ಚನ್ನು ಎಳೆದರು. ಸರಪಣಿಯೂ ಹಲ್ಲುಚಕ್ರವೂ ತಮ್ಮ ಗೂಡಿನಲ್ಲಿಯೇ ಉಳಿದು ಚಕ್ರ ಮಾತ್ರ ಹೊರಕ್ಕೆ ಬಂದುದು ನನಗೆ ಮಂತ್ರದಂತೆ ಕಂಡಿತು. ವಾಲ್ವಿನ ಒಳಗಿನ ಸೂಜಿಯನ್ನು ತೆಗೆದು ಗಾಳಿಯನ್ನೆಲ್ಲ ಬಿಟ್ಟರು. ಅನಂತರ ಟೈರಿನ ಮೇಲೆ ಹಿಮ್ಮಡಿಯೂರಿ ನಿಂತು, ರಿಮ್ಮಿಗೆ ಅಂಟಿಕೊಂಡಿದ್ದ ಅದರ ಅಂಚನ್ನು ಸುತ್ತಲೂ ಸಡಿಲಿಸಿದರು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, ಟೈರು ಬಿಗಿಯಾಗಿದೆಯೆಂದು ತಿಳಿದು, ಒಳಗಿನಿಂದ ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ತಂದುಕೊಟ್ಟರು. ನಮ್ಮ ಸೀಮೆಯಲ್ಲಿ ತಲೆನೋವಿನಿಂದ ಹಿಡಿದು ಬಾಗಿಲ ಕೀಲಿನವರೆಗೆ ಎಲ್ಲಕ್ಕೂ ಅದೇ ಔಷಧವಷ್ಟೆ. ತಂದೆಯವರು ನಕ್ಕು, “ಎಣ್ಣೆ ರಬ್ಬರನ್ನು ಕೆಡಿಸುತ್ತದೆ, ಬಟ್ಟೆ ಸೋಪಿನ ನೀರು ಕೊಡು” ಎಂದರು. ಇಂದಿಗೂ ಎಣ್ಣೆಯೇ ಒಳ್ಳೆಯದೆಂದು ತಿಳಿದವರು ಅನೇಕರಿದ್ದಾರೆ. ಎಣ್ಣೆ ಸೋಕಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಸೋಪಿನ ನೀರಾದರೋ ಕೆಲಸವಾಗುವ ತನಕ ಜಾರಿಸಿ, ಆಮೇಲೆ ಒಣಗಿ ಸುಮ್ಮನಾಗುತ್ತದೆ.

ಬಳಿಕ ಚಪ್ಪಟೆಯಾದ ಎರಡು ಸನ್ನೆಪಟ್ಟಿಗಳನ್ನು ಅಂಚಿನ ಕೆಳಗೆ ತೂರಿಸಿ, ಒಂದನ್ನು ನನ್ನ ಕೈಗೆ ಕೊಟ್ಟರು. ನಾನು ಇದ್ದ ಬಲವನ್ನೆಲ್ಲ ಹಾಕಿ ಅದುಮಿದೆನು. ಅದು ಕದಲಲಿಲ್ಲ. ಇನ್ನಷ್ಟು ಅದುಮಿದೆನು. ಪಟ್ಟಿ ಜಾರಿ ಮೊಣಕೈಗೆ ಬಡಿಯಿತು. ಅಳು ಬರುವ ಹಾಗಿದ್ದಾಗ ಅವರು, “ಬಲ ಹಾಕಬೇಡ ಮಗಳೇ. ಎದುರು ಪಕ್ಕ ಹಳ್ಳಕ್ಕೆ ಇಳಿದಿದೆಯೇ ನೋಡು” ಎಂದರು. ಹಾಗೆಂದರೇನೆಂದು ನನಗೆ ತಿಳಿಯಲಿಲ್ಲ. ಅವರು ಎದುರು ಪಕ್ಕದಲ್ಲಿ ಮಂಡಿಯೂರಿ ಕುಳಿತು, ಟೈರಿನ ಅಂಚನ್ನು ಎರಡು ಮೊಣಕಾಲುಗಳಿಂದಲೂ ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ ಹಿಡಿದು, “ಈಗ ಎತ್ತು” ಎಂದರು. ಎರಡು ಬೆರಳಿನ ಬಲಕ್ಕೆ ಅಂಚು ಮೇಲೆದ್ದು ಬಂದಿತು.

ಈ ಕೆಲಸದ ಗುಟ್ಟೆಲ್ಲ ಆ ಹಳ್ಳದಲ್ಲಿದೆಯಾದ ಕಾರಣ ಅದನ್ನು ಸ್ವಲ್ಪ ವಿವರಿಸುವುದಕ್ಕೆ ವಾಚಕರು ಅನುಮತಿ ಕೊಡಬೇಕು; ನಾನು ಮೂಲತಃ ವಿಜ್ಞಾನದ ಉಪಾಧ್ಯಾಯಿನಿ, ಅಭ್ಯಾಸ ಬಿಡದು. ಟೈರಿನ ಅಂಚಿನೊಳಗೆ ಉಕ್ಕಿನ ತಂತಿಯ ಬಳೆಯೊಂದಿರುತ್ತದೆ. ಅದು ಹಿಗ್ಗುವಂಥದಲ್ಲ. ರಿಮ್ಮಿನ ಹೊರ ಅಂಚಿನ ಸುತ್ತಳತೆ ಆ ಬಳೆಗಿಂತ ದೊಡ್ಡದು. ಹಾಗಾದರೆ ಚಿಕ್ಕ ಬಳೆ ದೊಡ್ಡ ರಿಮ್ಮನ್ನು ದಾಟಿ ಹೊರಕ್ಕೆ ಬರುವುದೆಂತು? ರಿಮ್ಮಿನ ನಡುವೆ ಸುತ್ತಲೂ ಒಂದು ಹಳ್ಳವಿದೆ. ಅಲ್ಲಿ ಅದರ ವ್ಯಾಸ ಕಡಮೆ. ಬಳೆಯ ಒಂದು ಪಕ್ಕವನ್ನು ಆ ಹಳ್ಳಕ್ಕೆ ಇಳಿಸಿದರೆ ಎದುರು ಪಕ್ಕದಲ್ಲಿ ಅಷ್ಟೇ ಸಡಿಲ ದೊರೆಯುತ್ತದೆ, ಅಲ್ಲಿಂದ ದಾಟಿಸಬಹುದು. ನಮ್ಮ ತಾಯಂದಿರು ಕೈಬಳೆಯನ್ನು ತೆಗೆಯುವಾಗ ಅಂಗೈಯನ್ನು ಮಡಿಸಿ, ಹೆಬ್ಬೆರಳ ಬುಡವನ್ನು ಒಳಕ್ಕೆ ಎಳೆದುಕೊಳ್ಳುವುದಿಲ್ಲವೆ? ಅದೂ ಇದೂ ಒಂದೇ ಉಪಾಯ.

ಈ ಉಪಾಯದ ಇತಿಹಾಸವನ್ನು ಟ್ರೈನಿಂಗ್ ಕಾಲೇಜಿನಲ್ಲಿದ್ದಾಗ ಪುಸ್ತಕಾಲಯದಲ್ಲಿ ಓದಿದೆನು. 1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯರು ತಮ್ಮ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಗಾಳಿ ತುಂಬಿದ ಟೈರನ್ನು ಮಾಡಿದರು. ಅವರಿಗಿಂತ ನಾಲ್ಕು ದಶಕಗಳ ಮುಂಚೆಯೇ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬವರಿಗೆ ಅದೇ ಯೋಚನೆ ಹೊಳೆದಿತ್ತಾದರೂ ಲೋಕವು ಅದನ್ನು ಮರೆತುಬಿಟ್ಟಿತ್ತು. ಡನ್‌ಲಪ್ಪರ ಟೈರು ರಿಮ್ಮಿಗೆ ಅಂಟಿಸಿದ್ದು. ಮುಳ್ಳು ಚುಚ್ಚಿತೆಂದರೆ ಅದನ್ನು ಕಿತ್ತು, ತೇಪೆ ಹಾಕಿ, ಮತ್ತೆ ಅಂಟಿಸಿ, ಅಂಟು ಒಣಗುವ ತನಕ ಕಾದಿರಬೇಕು. ಫ್ರಾನ್ಸ್ ದೇಶದ ಮಿಶೆಲಿನ್ ಸಹೋದರರು ತಮ್ಮ ಕಾರ್ಖಾನೆಗೆ ಅಂಥದೊಂದು ಸೈಕಲ್ಲು ಬಂದು, ಅದನ್ನು ಸರಿಪಡಿಸಲು ಪಟ್ಟ ಪಾಡಿನಿಂದಲೇ ಬಿಚ್ಚಿ ಹಾಕಬಹುದಾದ ಟೈರನ್ನು ಕುರಿತು ಚಿಂತಿಸತೊಡಗಿ 1891ರಲ್ಲಿ ಅದನ್ನು ತಯಾರಿಸಿದರಂತೆ. ತಂತಿಯ ಅಂಚಿನ ಟೈರನ್ನೂ, ಅದಕ್ಕೆ ಒಪ್ಪುವ ನಡುಹಳ್ಳದ ರಿಮ್ಮನ್ನೂ ಕಂಡುಹಿಡಿದವರು ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್. ಅದು 1890ರ ಮಾತು. ನನ್ನ ತಂದೆಯವರಿಗೆ ಈ ಹೆಸರು ಯಾವುದೂ ಗೊತ್ತಿರಲಿಲ್ಲ. ಹಳ್ಳವೆಲ್ಲಿದೆಯೆಂಬುದು ಮಾತ್ರ ಗೊತ್ತಿತ್ತು. ಹೆಸರನ್ನು ಕಲಿತು ಹಳ್ಳವನ್ನು ಮರೆಯುವ ಪಾಠಗಳೂ ನಮ್ಮ ಶಾಲೆಗಳಲ್ಲಿ ಇಲ್ಲದಿಲ್ಲ.

ಈಗ ನಾನು ಏರುವ ವಾಹನ ತಂದೆಯವರು ನಿವೃತ್ತರಾದ ಮೇಲೆ 2007ರಲ್ಲಿ ಕೊಂಡ ಹೀರೋ ಹೋಂಡಾ ಸ್ಪ್ಲೆಂಡರ್. ಅವರು ದೈವಾಧೀನರಾದ ಬಳಿಕ ಅದು ನನ್ನ ಪಾಲಿಗೆ ಬಂದಿತು. ಮುಖ್ಯೋಪಾಧ್ಯಾಯಿನಿ ಮೋಟಾರು ಸೈಕಲ್ಲು ಏರಬಹುದೆ, ಸ್ಕೂಟರಾದರೂ ಕೊಳ್ಳಬಾರದೆ ಎಂದು ಕೆಲವರು ಸಲಹೆ ಕೊಟ್ಟರು. ಸಲಹೆ ಕೊಟ್ಟವರು ಸ್ಕೂಟರನ್ನು ಕೊಡಲಿಲ್ಲವಾಗಿ ಇದೇ ಉಳಿದುಕೊಂಡಿತು.

ಅದರ ಟೈರುಗಳನ್ನು ನಾನೇ ಬದಲಾಯಿಸುತ್ತ ಬಂದಿದ್ದೇನೆ. ಇದರಿಂದ ಎಷ್ಟು ಹಣ ಉಳಿಯಿತೆಂದು ಕೇಳುವವರಿಗೆ ಲೆಕ್ಕವನ್ನು ಮರೆಮಾಚದೆ ಹೇಳುತ್ತೇನೆ. ಅಂಗಡಿಯಲ್ಲಿ ನನ್ನಿಂದ ಕೇಳಿದ ಮಜೂರಿ ಚಕ್ರವೊಂದಕ್ಕೆ 150 ರೂಪಾಯಿ. ಸನ್ನೆಪಟ್ಟಿ, ಸ್ಪ್ಯಾನರು, ಕಾಲುಪಂಪು, ಗಾಳಿಯ ಒತ್ತಡ ನೋಡುವ ಗೇಜು ಇವುಗಳಿಗೆ ನಾನು ಕೊಟ್ಟ ಹಣ ಹತ್ತು ಚಕ್ರಗಳ ಮಜೂರಿಗಿಂತ ಹೆಚ್ಚು. ನನ್ನ ಓಡಾಟಕ್ಕೆ ಹಿಂದಿನ ಟೈರು ಮೂರು ವರುಷಕ್ಕೊಮ್ಮೆ ಸವೆದರೆ ಹೆಚ್ಚು. ಅಂದಮೇಲೆ ಲಾಭವು ಕೈಸೇರುವ ಹೊತ್ತಿಗೆ ನಾನು ಪಿಂಚಣಿದಾರಳಾಗಿರುತ್ತೇನೆ. ಹಣಕ್ಕಾಗಿ ಮಾತ್ರ ಈ ಕೆಲಸಕ್ಕೆ ಕೈಯಿಕ್ಕುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ದಿನವೂ ಕಾಯಿ ಹೇರುವ ಗಾಡಿಯಿರುವ ಮನೆಯವರ ಲೆಕ್ಕ ಮಾತ್ರ ಬೇರೆ. ಅವರಿಗೆ ಒಂದೇ ವರುಷದಲ್ಲಿ ಉಪಕರಣಗಳ ಬೆಲೆ ಹುಟ್ಟೀತು.

ಅಂಗಡಿಯವರ ಮೇಲೆ ನನಗೆ ದ್ವೇಷವಿಲ್ಲ. ಹೆದ್ದಾರಿಯ ಮಗ್ಗುಲಲ್ಲಿ ಪಂಕ್ಚರು ಹಾಕುವ ಒಬ್ಬ ವೃದ್ಧರಿಂದ ನಾನು ಕಲಿತುದು ಬಹಳ. ಹೊಸ ಟೈರನ್ನು ಅರ್ಧ ಗಂಟೆ ಬಿಸಿಲಿಗಿಟ್ಟರೆ ಮೆತ್ತಗಾಗಿ ಮಾತು ಕೇಳುತ್ತದೆಂದೂ, ಹಳೆಯ ಟೈರಿನ ಒಳಗನ್ನು ಬರಿಗೈಯಿಂದ ತಡವಬಾರದು, ಬಟ್ಟೆಯಿಂದ ಸವರಿದರೆ ಮುಳ್ಳು ಬಟ್ಟೆಗೆ ಸಿಕ್ಕುತ್ತದೆಂದೂ ಹೇಳಿಕೊಟ್ಟವರು ಅವರೇ. ಆದರೆ ಪಟ್ಟಣದ ಮತ್ತೊಂದು ಅಂಗಡಿಯಲ್ಲಿ ನನಗಾದ ಅನುಭವ ಬೇರೆ. ನಾನು ಎದುರಿಗೆ ನಿಂತು ಕೇಳಿದ ಪ್ರಶ್ನೆಗೆ ಆತನು ನನ್ನ ಜೊತೆಯಲ್ಲಿದ್ದ ಒಂಬತ್ತನೆಯ ತರಗತಿಯ ಸೋದರಳಿಯನ ಕಡೆಗೆ ತಿರುಗಿ ಉತ್ತರ ಕೊಟ್ಟನು. ಟ್ಯೂಬು ಹಾಳಾಗಿದೆಯೆಂದು ಹೊಸದನ್ನು ಹಾಕಿದನು. ಹಳೆಯದನ್ನು ಕೇಳಿ ಮನೆಗೆ ತಂದು, ನೀರಿನಲ್ಲಿ ಮುಳುಗಿಸಿ ನೋಡಿದರೆ ಒಂದು ಗುಳ್ಳೆಯೂ ಬರಲಿಲ್ಲ. ಹಣ ಹೋದುದಕ್ಕಿಂತ, ನಾನು ನೋಡಿಯೂ ತಿಳಿಯದವಳೆಂದು ಆತನು ನಿಶ್ಚಯಿಸಿಕೊಂಡುದೇ ನನಗೆ ಹೆಚ್ಚು ನೋವಾಯಿತು.

ಇಷ್ಟು ಹೇಳಿದ ಮೇಲೆ ನನ್ನ ಕೈಯಿಂದಲೇ ಆದ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. ಅದನ್ನು ಇದುವರೆಗೆ ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ.

2016ರ ಮಳೆಗಾಲದಲ್ಲಿ ಒಂದು ಶುಕ್ರವಾರ ಸಾಯಂಕಾಲ ಹಿಂದಿನ ಟೈರನ್ನು ಬದಲಾಯಿಸಿದೆನು. ಕತ್ತಲಾಗುತ್ತ ಬಂದಿತ್ತು, ಮರುದಿನ ಶಾಲೆಯ ತಪಾಸಣೆಯಿತ್ತು, ಮನಸ್ಸೆಲ್ಲ ದಾಖಲೆ ಪುಸ್ತಕಗಳ ಮೇಲಿತ್ತು. ಹಿಂದಿನ ಚಕ್ರದಲ್ಲಿ ಬ್ರೇಕಿನ ತಟ್ಟೆಯು ಚಕ್ರದೊಡನೆ ತಿರುಗದಂತೆ ಹಿಡಿದಿಡುವ ಒಂದು ಸಣ್ಣ ಕಬ್ಬಿಣದ ತೋಳಿದೆ. ಅದರ ನಟ್ಟನ್ನು ಬಿಗಿದು, ನಟ್ಟು ಸಡಿಲವಾಗದ ಹಾಗೆ ಸ್ಪ್ಲಿಟ್ ಪಿನ್ ಎಂಬ ಕಡ್ಡಿಯನ್ನು ತೂರಿಸಿ ಬಾಗಿಸಬೇಕು. ನಾನು ನಟ್ಟನ್ನು ಕೈಯಿಂದ ತಿರುಗಿಸಿ, ಸ್ಪ್ಯಾನರನ್ನು ಹುಡುಕಲು ಒಳಕ್ಕೆ ಹೋದವಳು, ದೂರವಾಣಿ ಬಂದಿತೆಂದು ಮಾತನಾಡಿ, ತಿರುಗಿ ಬಂದು ಅಚ್ಚಿನ ನಟ್ಟನ್ನು ಬಿಗಿದು, ಗಾಳಿ ತುಂಬಿ, ಕೈತೊಳೆದುಕೊಂಡೆನು. ಪಿನ್ನು ಗೋಣಿಯ ಮೇಲೆ ಹಾಗೆಯೇ ಬಿದ್ದಿತ್ತು.

ಎರಡು ದಿನ ಗಾಡಿ ಚೆನ್ನಾಗಿಯೇ ಓಡಿತು. ಮೂರನೆಯ ದಿನ ಅಮ್ಮನವರನ್ನು ಹಿಂದೆ ಕೂರಿಸಿಕೊಂಡು ಕಿಬ್ಬನಹಳ್ಳಿ ಕ್ರಾಸಿನ ಕಡೆಗೆ ಹೊರಟೆನು. ದಾರಿಯಲ್ಲಿ ಎಲ್ಲಿಯೋ ಆ ನಟ್ಟು ಕಳಚಿ ಬಿದ್ದುಹೋಗಿತ್ತು. ಎದುರಿಗೆ ಹಸುವೊಂದು ಅಡ್ಡ ಬಂದಿತೆಂದು ಬ್ರೇಕನ್ನು ಒತ್ತಿದೆನು. ತೋಳಿನ ಹಿಡಿತ ತಪ್ಪಿದ ತಟ್ಟೆಯು ಚಕ್ರದೊಡನೆ ತಿರುಗಿ, ಬ್ರೇಕಿನ ಕಂಬಿಯನ್ನು ತಾನೇ ಎಳೆದುಕೊಂಡು, ಚಕ್ರವು ಒಮ್ಮೆಗೇ ಹಿಡಿದು ನಿಂತಿತು. ಗಾಡಿ ಪಕ್ಕಕ್ಕೆ ಉರುಳಿತು. ವೇಗ ಹೆಚ್ಚಿರಲಿಲ್ಲ, ಹಿಂದೆ ಲಾರಿ ಬರುತ್ತಿರಲಿಲ್ಲ. ಇದು ದೇವರ ದಯೆಯೇ ಹೊರತು ನನ್ನ ಜಾಣತನವಲ್ಲ. ಅಮ್ಮನವರು ಕೈಯೂರಿ ಬಿದ್ದುದರಿಂದ ಅವರ ಬಲ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಕಟ್ಟು ಹಾಕಿಕೊಂಡಿದ್ದರು. ಆ ಆರು ವಾರವೂ ನಾನು ಅವರ ತಲೆ ಬಾಚುತ್ತಿದ್ದೆನು. ಅವರು ಒಂದು ದಿನವಾದರೂ ಆ ವಿಷಯವನ್ನು ಎತ್ತಲಿಲ್ಲ.

ನಾನು ಗಾಡಿಯನ್ನು ಮುಟ್ಟದೆ ಅಂಗಡಿಗೆ ಕಳುಹಿಸಿಬಿಡುವುದೆಂದು ತೀರ್ಮಾನಿಸಿ, ಪಟ್ಟಿಗಳನ್ನೂ ಪಂಪನ್ನೂ ಚೀಲದಲ್ಲಿ ಕಟ್ಟಿ, ಕಾಯಿ ಹಾಕುವ ಅಟ್ಟಕ್ಕೆ ಎಸೆದೆನು. ಒಂದು ಬೆಳಗ್ಗೆ ಅಮ್ಮ, “ಆ ಚೀಲ ಅಟ್ಟದ ಮೇಲೆ ಯಾಕಿದೆ?” ಎಂದು ಕೇಳಿದರು. ಇನ್ನು ಆ ಕೆಲಸ ಬೇಡವೆಂದು ಹೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರಿಗೆ ಉಪ್ಪು ಹಾಕೋದು ಮರೆತರೆ ಅಡಿಗೆ ಬಿಡ್ತೀವಾ? ಮರೀದಂಗೆ ಏನಾದ್ರೂ ಮಾಡ್ಕೋ. ನಿಮ್ಮಪ್ಪ ಒಂದು ಚೀಟಿ ಇಟ್ಕೊಂಡಿದ್ರು” ಎಂದರು.

ಚೀಟಿಯ ವಿಷಯ ನನಗೆ ತಿಳಿದಿರಲಿಲ್ಲ. ತಂದೆಯವರ ಹಳೆಯ ಪೆಟ್ಟಿಗೆಯಲ್ಲಿ ಹುಡುಕಿದಾಗ, ಹಾಜರಿ ಪುಸ್ತಕದ ಹಾಳೆಯ ಹಿಂಭಾಗದಲ್ಲಿ ಅವರ ಮುದ್ದಾದ ಅಕ್ಷರಗಳಲ್ಲಿ ಯೆಜ್ಡಿಯ ಹಿಂದಿನ ಚಕ್ರದಿಂದ ಬಿಚ್ಚತಕ್ಕ ಭಾಗಗಳೆಲ್ಲ ಒಂದರ ಕೆಳಗೊಂದು ಇದ್ದವು. ಕೆಳಗಿನಿಂದ ಮೇಲಕ್ಕೆ ಓದಿದರೆ ಜೋಡಿಸುವ ಕ್ರಮ. ಅಷ್ಟು ವರುಷ ಆ ಕೆಲಸ ಮಾಡಿದವರು, ಕಣ್ಣು ಮುಚ್ಚಿ ಮಾಡಬಲ್ಲವರು, ಪ್ರತಿ ಸಲವೂ ಆ ಚೀಟಿಯನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದರಂತೆ. ನಾನು ಅವರ ಕೈಯನ್ನೇ ನೋಡುತ್ತಿದ್ದವಳು, ಚೀಟಿಯನ್ನು ಗಮನಿಸಿರಲಿಲ್ಲ.

ಈಗ ನನ್ನ ಗಾಡಿಗೂ ಅಂಥದೊಂದು ಪಟ್ಟಿಯಿದೆ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ತೆಂಗಿನ ಕರಟಗಳಲ್ಲಿ ಸಾಲಾಗಿ ಇಡುತ್ತೇನೆ, ಒಂದು ಕರಟಕ್ಕೆ ಒಂದು ಭಾಗದ್ದು. ಕೊನೆಗೆ ಕರಟವೆಲ್ಲ ಬರಿದಾಗಿರಬೇಕು. ಹಳೆಯ ಪಿನ್ನನ್ನು ಮತ್ತೆ ಹಾಕದೆ ಹೊಸದನ್ನೇ ಹಾಕುತ್ತೇನೆ. ಎಲ್ಲ ಮುಗಿದ ಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿ, ಬ್ರೇಕು ಹಿಡಿಯುತ್ತದೆಯೇ ಬಿಡುತ್ತದೆಯೇ ಎಂದು ನೋಡಿ, ಸರಪಣಿಯ ಸಡಿಲವನ್ನು ಅಳೆದು, ಒಬ್ಬಳೇ ಬೀದಿಯ ಕೊನೆಯವರೆಗೆ ಹೋಗಿ ಬಂದು, ಮತ್ತೆ ನಟ್ಟುಗಳನ್ನು ಮುಟ್ಟಿ ನೋಡದೆ ಯಾರನ್ನೂ ಹಿಂದೆ ಕೂರಿಸುವುದಿಲ್ಲ. ದೀಪ ಹತ್ತಿಸುವ ಹೊತ್ತಿನ ಮೇಲೆ ಸ್ಪ್ಯಾನರು ಹಿಡಿಯುವುದೂ ಇಲ್ಲ.

ಮನೆಯಲ್ಲಿ ಮಾಡಬಾರದ ಕೆಲಸಗಳೂ ಉಂಟು. ಟ್ಯೂಬಿಲ್ಲದ ಟೈರುಗಳ ಅಂಚು ರಿಮ್ಮಿಗೆ ಕೂಡಬೇಕಾದರೆ ಗಾಳಿಯು ಒಮ್ಮೆಲೇ ನುಗ್ಗಬೇಕು. ಕಾಲುಪಂಪಿನಿಂದ ಅದು ಬಹಳ ಕಷ್ಟ, ಅಂಗಡಿಯ ಯಂತ್ರಕ್ಕೇ ಅದನ್ನು ಬಿಡುವುದು ಲೇಸು. ಕೆಲವು ಸ್ಕೂಟರುಗಳ ರಿಮ್ಮು ಎರಡು ಹೋಳುಗಳನ್ನು ಬೋಲ್ಟಿನಿಂದ ಸೇರಿಸಿದ್ದಾಗಿರುತ್ತದೆ. ಅದರಲ್ಲಿ ಗಾಳಿಯನ್ನು ಪೂರ್ತಿಯಾಗಿ ಬಿಡದೆ ಆ ಬೋಲ್ಟುಗಳಿಗೆ ಕೈಹಾಕಿದರೆ ಹೋಳುಗಳು ಸಿಡಿದು ಪ್ರಾಣಕ್ಕೇ ಅಪಾಯ. ಇದನ್ನು ನಮ್ಮ ಹುಡುಗಿಯರಿಗೆ ಬಾಯಿಪಾಠ ಮಾಡಿಸಿದ್ದೇನೆ.

ಇಲ್ಲಿಗೆ ಶನಿವಾರದ ವಿಷಯ ಬಂದಿತು. ನಮ್ಮ ಮಕ್ಕಳಲ್ಲಿ ಬಹುಮಂದಿ ತೋಟದ ಮನೆಗಳಿಂದ ಬರುವವರು. ಬಸ್ಸು ಬಾರದ ದಾರಿಗಳಿಂದ ತಂದೆಯೋ ಅಣ್ಣನೋ ಟಿವಿಎಸ್ ಎಕ್ಸೆಲ್ಲಿನ ಮೇಲೆ ಕರೆತಂದು ಬಿಡುತ್ತಾರೆ. ಬೆಳಗ್ಗೆ ಮಗಳನ್ನು ಹೊತ್ತ ಗಾಡಿಯೇ ಹಗಲೆಲ್ಲ ಕಾಯಿ, ಎಳನೀರು, ಹಸುವಿನ ಹುಲ್ಲು ಹೊರುತ್ತದೆ. ಆ ಹೊರೆಯನ್ನು ನೋಡಿದರೆ ಟೈರು ಸವೆಯುವುದು ಆಶ್ಚರ್ಯವಲ್ಲ. ಮಕ್ಕಳು ತಡವಾಗಿ ಬಂದುದಕ್ಕೆ ಹಾಜರಿ ಪುಸ್ತಕದಲ್ಲಿ ಕೆಂಪು ಗುರುತು ಹಾಕುತ್ತ ಹಾಕುತ್ತ, ಕಾರಣ ಕೇಳಿದಾಗಲೆಲ್ಲ “ಪಂಕ್ಚರ್ ಆಯ್ತು ಮಿಸ್” ಎಂಬ ಉತ್ತರವನ್ನು ಕೇಳಿ ಕೇಳಿ, ಗುರುತು ಹಾಕುವುದಕ್ಕಿಂತ ಪಂಕ್ಚರು ಹಾಕುವುದನ್ನು ಕಲಿಸುವುದು ಮೇಲೆಂದು ನನಗೆ ತೋರಿತು. ಒಂಬತ್ತು ಮತ್ತು ಹತ್ತನೆಯ ತರಗತಿಯ ಇಷ್ಟವುಳ್ಳವರಿಗೆ ಶನಿವಾರ ಪಾಠಗಳಾದ ಮೇಲೆ ಒಂದು ಗಂಟೆ. ಮೊದಲ ವಾರ ಏಳು ಮಂದಿ ಬಂದರು. ಅವರಲ್ಲಿ ಮೂವರು ನಗುವುದಕ್ಕೆ ಬಂದವರು.

ಸನ್ನೆಯ ಪಾಠವನ್ನು ಕರಿಹಲಗೆಯ ಮೇಲೆ ಚಿತ್ರ ಬರೆದು ಎಷ್ಟೋ ವರುಷ ಹೇಳಿದ್ದೇನೆ; ಆಧಾರ ಬಿಂದು, ಭಾರ, ಪ್ರಯತ್ನ ಎಂದು ಮಕ್ಕಳು ಒಪ್ಪಿಸಿದ್ದೂ ಆಗಿದೆ. ಮೊಣಕೈಗೆ ಪಟ್ಟಿ ಬಡಿದ ಹುಡುಗಿ ಆ ಪಾಠವನ್ನು ಮತ್ತೆ ಮರೆತುದನ್ನು ನಾನು ಕಂಡಿಲ್ಲ. ಟೈರಿನ ಮಗ್ಗುಲಲ್ಲಿರುವ ಬರಹವನ್ನೂ ಓದಲು ಕಲಿತರು. 2.75-18 ಎಂದರೆ ಅಗಲ 2.75 ಅಂಗುಲ, ರಿಮ್ಮಿನ ವ್ಯಾಸ 18 ಅಂಗುಲ. ಬಾಣದ ಗುರುತು ಚಕ್ರವು ಉರುಳತಕ್ಕ ದಿಕ್ಕು. ಹಳದಿ ಚುಕ್ಕೆ ವಾಲ್ವಿನ ಎದುರಿಗೆ ಬರಬೇಕು. ನಾಲ್ಕು ಅಂಕೆಗಳ ಒಂದು ಗುರುತಿದೆ. ಅದು 2321 ಎಂದಿದ್ದರೆ 2021ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಒಮ್ಮೆ ನಾನು ಹೊಸದೆಂದು ಕೊಂಡು ತಂದಿದ್ದ ಟೈರನ್ನು ಒಂಬತ್ತನೆಯ ತರಗತಿಯ ಒಬ್ಬಳು ತಿರುಗಿಸಿ ನೋಡಿ, “ಮಿಸ್, ಇದಕ್ಕೆ ಐದು ವರ್ಷ ಆಗಿದೆ” ಎಂದಳು. ಮರಳಿ ಒಯ್ದು ಬದಲಾಯಿಸಿಕೊಂಡು ಬಂದೆನು. ಅಂಗಡಿಯಾತನು ಈ ಸಲ ನನ್ನನ್ನೇ ನೋಡಿ ಮಾತನಾಡಿದನು.

2024ರ ಮಾರ್ಚಿ ತಿಂಗಳಿನಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಮೊದಲ ದಿನ, ಬೆಳಗ್ಗೆ ಎಂಟು ಗಂಟೆಗೆ ನಾನು ಪರೀಕ್ಷಾ ಕೊಠಡಿಗಳನ್ನು ನೋಡುತ್ತಿದ್ದಾಗ ದೂರವಾಣಿ ಬಂದಿತು. ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದ್ದ ಆ ತೋಟಗಾರರೇ. ಹೊನ್ನವಳ್ಳಿಯ ಕಡೆಯ ಒಂದು ಒಳದಾರಿಯಲ್ಲಿ ಹಿಂದಿನ ಚಕ್ರಕ್ಕೆ ಮುಳ್ಳು ಚುಚ್ಚಿ ಗಾಡಿ ನಿಂತಿದೆ, ಪಂಕ್ಚರಿನ ಅಂಗಡಿ ಮೂರು ಮೈಲಿ ದೂರ, ಅದೂ ಇಷ್ಟು ಬೇಗ ತೆರೆದಿರುವುದಿಲ್ಲ, ದಾರಿಯಲ್ಲಿ ಹೋದ ಎರಡು ಗಾಡಿಗಳಲ್ಲಿ ಆಗಲೇ ಮೂವರು ಮೂವರು ಕುಳಿತಿದ್ದರು ಎಂದು ಹೇಳುತ್ತ ಅವರ ದನಿ ನಡುಗುತ್ತಿತ್ತು. ನಾನು ಕೇಂದ್ರವನ್ನು ಬಿಟ್ಟು ಹೊರಡುವ ಹಾಗಿರಲಿಲ್ಲ. ಯಾರನ್ನಾದರೂ ಕಳುಹಿಸುತ್ತೇನೆಂದು ಹೇಳಿ, ಮಗುವಿಗೆ ಫೋನು ಕೊಡಿ ಎಂದೆನು; ಹೆದರಿ ಅಳುತ್ತಿದ್ದರೆ ಸಮಾಧಾನ ಹೇಳಬೇಕೆಂದು ನನ್ನ ಎಣಿಕೆ.

“ಅವಳು ಕೆಲಸ ಮಾಡ್ತಾ ಅವ್ಳೆ ಅಮ್ಮಾವ್ರೇ” ಎಂದರು. ಬಳಿಕ ಹುಡುಗಿಯ ದನಿ ದೂರದಿಂದ ಕೇಳಿತು. “ಮಿಸ್, ಟ್ಯೂಬು ಹೊರಗೆ ತೆಗೆದಿದ್ದೀನಿ. ಸೊಲ್ಯೂಷನ್ ಒಣಗ್ತಾ ಇದೆ.”

ಚಕ್ರವನ್ನು ಗಾಡಿಯಿಂದ ಬಿಚ್ಚದೆ, ಟೈರಿನ ಒಂದು ಮಗ್ಗುಲನ್ನು ಮಾತ್ರ ಎತ್ತಿ ಟ್ಯೂಬನ್ನು ಹೊರಕ್ಕೆಳೆದು ತೇಪೆ ಹಾಕುವ ಕ್ರಮವನ್ನು ಕಲಿಸಿದ್ದೆನು. ಪಟ್ಟಿ, ತೇಪೆ, ಉಜ್ಜುವ ಕಾಗದ, ಸೈಕಲ್ ಪಂಪು ಇವು ಗಾಡಿಯ ಚೀಲದಲ್ಲಿದ್ದವು. ಮಗಳು ಹಟ ಮಾಡಿ ಇಡಿಸಿದ್ದಳಂತೆ.

“ಮುಳ್ಳು ಸಿಕ್ಕಿತೇ?” ಎಂದೆನು.

“ಸಿಕ್ತು ಮಿಸ್. ಎರಡಿತ್ತು. ಬಟ್ಟೆಯಲ್ಲಿ ಸವರಿದೆ.”

“ಅಂಚು ಹಾಕುವಾಗ ಬಲ ಹಾಕಬೇಡ. ಎದುರು ಪಕ್ಕ...”

“ಹಳ್ಳಕ್ಕೆ ಇಳಿಸ್ತೀನಿ ಮಿಸ್. ಅಪ್ಪನ ಕೈಲಿ ಒತ್ತಿಸ್ತೀನಿ” ಎಂದು ಹೇಳಿ, ನನ್ನ ಉತ್ತರಕ್ಕೆ ಕಾಯದೆ ಫೋನನ್ನು ಇಟ್ಟುಬಿಟ್ಟಳು. ಮುಖ್ಯೋಪಾಧ್ಯಾಯಿನಿಯೊಡನೆ ಮಾತನಾಡುವ ರೀತಿಯಲ್ಲವೆಂದು ಬೇರೆ ದಿನವಾಗಿದ್ದರೆ ಹೇಳುತ್ತಿದ್ದೆನು.

ಒಂಬತ್ತೂವರೆಗೆ ಇನ್ನೂ ಐದು ನಿಮಿಷವಿರುವಾಗ ಎಕ್ಸೆಲ್ಲಿನ ಶಬ್ದ ಗೇಟಿನ ಬಳಿ ಕೇಳಿತು. ನಾನು ಕಳುಹಿಸಿದ್ದ ಜವಾನನು ದಾರಿಯಲ್ಲಿ ಅವರನ್ನು ಎದುರಾಗಿ ಕಂಡು ಹಿಂದೆಯೇ ಬಂದಿದ್ದನು. ಹುಡುಗಿ ಇಳಿದವಳೇ ನಲ್ಲಿಯ ಕಡೆಗೆ ಓಡಿದಳು. ಕೈಯನ್ನು ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಮಸಿ ಹೋಗಲಿಲ್ಲ. ಪ್ರವೇಶ ಪತ್ರದ ಒಂದು ಮೂಲೆಯಲ್ಲಿ ಹೆಬ್ಬೆರಳಿನ ಗುರುತು ಮೂಡಿತು. ಉತ್ತರ ಪತ್ರಿಕೆಗೆ ಹತ್ತದಿರಲೆಂದು ನನ್ನ ಕರವಸ್ತ್ರವನ್ನು ಕೊಟ್ಟು ಒಳಕ್ಕೆ ಕಳುಹಿಸಿದೆನು. ಆಕೆಯ ತಂದೆಯವರು ಗಾಡಿಯ ಪಕ್ಕದಲ್ಲಿ ನಿಂತು ಹಿಂದಿನ ಚಕ್ರವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು. ನನ್ನನ್ನು ಕಂಡು, “ಗಾಳಿ ನಿಂತದೆ ಅಮ್ಮಾವ್ರೇ” ಎಂದರು. ಸ್ವಲ್ಪ ತಡೆದು, “ಏಳನೇ ಕ್ಲಾಸಲ್ಲಿ ಇನ್ನೊಬ್ಬಳವ್ಳೆ. ಶನಿವಾರ ಕಳಿಸಬೋದಾ?” ಎಂದು ಕೇಳಿದರು. ಏಳನೆಯ ತರಗತಿಯವರ ಕೈಗೆ ಇನ್ನೂ ಬಲ ಸಾಲದು, ಒಂಬತ್ತಕ್ಕೆ ಬರಲಿ ಎಂದು ನಾನು ಹೇಳಿದೆನು. ಆಮೇಲೆ ನನಗೇ ನಗು ಬಂದಿತು. ಬಲ ಬೇಡವೆಂದು ಹೇಳಿಕೊಂಡು ತಿರುಗುವವಳು ನಾನೇ ಅಲ್ಲವೆ? ಕಳುಹಿಸಿ ಎಂದೆನು.

ಈಗ ಶನಿವಾರ ಬರುವವರು ಇಪ್ಪತ್ತಮೂರು ಮಂದಿ. ಉಪಕರಣಗಳು ಮಾತ್ರ ಇರುವುದು ಎರಡೇ ಜೊತೆ. ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಉಪಯೋಗವಿಲ್ಲದೆ ಬಿದ್ದಿರುವ ಕಾಲುಪಂಪು, ಟೈರಿನ ಸನ್ನೆಪಟ್ಟಿ, ಸ್ಪ್ಯಾನರುಗಳಿದ್ದರೆ, ತುಕ್ಕು ಹಿಡಿದಿದ್ದರೂ ಚಿಂತೆಯಿಲ್ಲ, ಶಾಲೆಯ ಕಚೇರಿಗೆ ತಲಪಿಸಬೇಕೆಂದು ಬಿನ್ನಹ. ಹಳೆಯ ಚಕ್ರವೊಂದನ್ನು ಟೈರು ಸಹಿತವಾಗಿ ಯಾರಾದರೂ ಕೊಟ್ಟರೆ ಅಭ್ಯಾಸಕ್ಕಾಗಿ ನನ್ನ ಗಾಡಿಯನ್ನು ವಾರ ವಾರವೂ ಬಿಚ್ಚುವುದು ತಪ್ಪುತ್ತದೆ. ಕರಟಗಳನ್ನು ಕಳುಹಿಸುವುದು ಬೇಡ, ಅವು ಬೇಕಾದಷ್ಟಿವೆ.